ಸ್ಪಷ್ಟ ಸರ್ ಅವರ ಮೈನಸ್ ಆರು

ಗಣಿತದಲ್ಲಿ ಸುಳ್ಳು ಹೇಳುವುದು ಕಷ್ಟ ಎಂದು ಗಣಿತ ಗೊತ್ತಿಲ್ಲದವರು ನಂಬಿದ್ದಾರೆ. ಗೊತ್ತಿರುವವರು ಆ ನಂಬಿಕೆಯನ್ನು ಕೆಡಿಸಲು ಹೋಗುವುದಿಲ್ಲ, ಅದರಿಂದ ಅವರ ಸಂಸಾರ ನಡೆಯುತ್ತದೆ. ಎರಡು ಹೆಜ್ಜೆಗಳ ನಡುವೆ ಒಂದು ಹಳ್ಳ ಬಂತು ಅನ್ನಿ. ಸುಳ್ಳು ಹೇಳಬೇಕಾಗಿಯೇ ಇಲ್ಲ. ಹಳ್ಳದ ಮೇಲೆ 'ಸ್ಪಷ್ಟವಾಗಿ' ಎಂಬ ಒಂದು ಪದವನ್ನು ಹಲಗೆಯ ಹಾಗೆ ಹಾಸಿ ದಾಟಿಬಿಟ್ಟರೆ ಆಯಿತು. ಹಿಂದೆ ಬರುವವರು ಹಲಗೆ ಮುರಿದು ಬಿದ್ದರೆ ಅದು ಅವರ ದಡ್ಡತನ.

ಹಾಗೆ ಬಿದ್ದವಳು ನಮ್ಮ ಸಂಶೋಧಕಿ. ವಯಸ್ಸು ಮೂವತ್ತೆಂಟು. ಕಾಲೇಜೊಂದರಲ್ಲಿ ಒಂಬತ್ತು ವರ್ಷದಿಂದ ತಾತ್ಕಾಲಿಕ ಅಧ್ಯಾಪಕಿ. ಡಾಕ್ಟರೇಟ್ ಬಂದರೆ ಕೆಲಸ ಕಾಯಂ, ಬರದಿದ್ದರೆ ಮುಂದಿನ ವರ್ಷದಿಂದ ಮನೆಯೇ ಕಾಯಂ. ಪ್ರಬಂಧಕ್ಕೆ ಆರು ವರ್ಷ ಹಿಡಿದಿತ್ತು. ವಿಶ್ವವಿದ್ಯಾಲಯ ಎರಡು ಸಲ ಗಡುವು ಮುಂದೂಡಿ, ಮೂರನೆಯ ಸಲ ಕೈಮುಗಿದಿತ್ತು. ಉಳಿದದ್ದು ಹತ್ತೊಂಬತ್ತು ದಿನ. ಐದು ಅಧ್ಯಾಯಗಳು ಟೈಪಾಗಿ ಬೈಂಡಿಂಗಿಗೆ ಕೊಡುವುದೊಂದೇ ಬಾಕಿ ಇತ್ತು. ಅಷ್ಟರಲ್ಲಿ, ಹೊರಗಿನಿಂದ ಬರುವ ಪರೀಕ್ಷಕರು ಯಾವುದಾದರೂ ಒಂದು ಸಾಲನ್ನು ಹಿಡಿದು ಇಡೀ ಮಧ್ಯಾಹ್ನ ಜಗ್ಗುತ್ತಾರಂತೆ ಎಂದು ಯಾರೋ ಹೇಳಿದರು. ಹೆದರಿದ ಇವಳು, ತನ್ನ ಪ್ರಬಂಧಕ್ಕೆಲ್ಲ ಆಧಾರವಾದ ಲೇಖನವನ್ನು ತೆಗೆದು, ಪ್ರತಿ ಸಾಲಿಗೂ 'ಯಾಕೆ?' ಎಂದು ಕೇಳುತ್ತಾ ಓದತೊಡಗಿದಳು. ಅದೇ ತಪ್ಪಾದದ್ದು. ಆ ಲೇಖನವನ್ನು ಅಲ್ಲಿಯವರೆಗೆ ಇನ್ನೂರು ಜನ ಉಲ್ಲೇಖಿಸಿದ್ದರು. ಓದುವ ಕೆಟ್ಟ ಚಾಳಿ ಯಾರಿಗೂ ಇದ್ದಂತಿರಲಿಲ್ಲ.

ಲೇಖನ ಬರೆದವರು ಅವಳ ಮಾರ್ಗದರ್ಶಕರೇ. ವಿದ್ಯಾರ್ಥಿಗಳು ಅವರಿಗೆ ಇಟ್ಟ ಹೆಸರು ಸ್ಪಷ್ಟ ಸರ್. ವಿಷಯ ಕೇಳಲು ಅಂಥ ಘನವಾದದ್ದೇನಲ್ಲ. ಕೆಲವು ಬಿಂದುಗಳು, ಅವುಗಳನ್ನು ಕೂಡಿಸುವ ಗೆರೆಗಳು, ಒಟ್ಟಿನಲ್ಲಿ ಒಂದು ಬಲೆ. ಒಂದೊಂದು ಬಿಂದುವಿನ ಮೇಲೆ ಒಂದಿಷ್ಟು ಮಣಿಗಳು. ಒಂದು ನಿಯಮದ ಪ್ರಕಾರ ಮಣಿಗಳನ್ನು ಪಕ್ಕದ ಬಿಂದುಗಳಿಗೆ ಸರಿಸುತ್ತಾ ಹೋಗಬೇಕು, ಇನ್ನು ಸರಿಸಲಾಗದು ಎನ್ನುವಾಗ ನಿಲ್ಲಬೇಕು. ಲೇಖನ ಅಚ್ಚಾದ ಪತ್ರಿಕೆಯ ಇನ್ನೂರ ಹದಿನೇಳನೆಯ ಪುಟದ ಒಂಬತ್ತನೆಯ ಸಾಲು ಹೀಗಿತ್ತು: "ಸ್ಪಷ್ಟವಾಗಿ, ಸರಿಸುವ ಕ್ರಮ ಯಾವುದೇ ಇರಲಿ, ಕೊನೆಯ ಜೋಡಣೆ ಒಂದೇ."

ಯಾಕೆ ಒಂದೇ? ಅವಳು ಮೂರು ದಿನ ಕೇಳಿಕೊಂಡಳು. ಆ ಸಾಲು ಬಿದ್ದರೆ ಅವಳ ಐದರಲ್ಲಿ ಮೂರು ಅಧ್ಯಾಯಗಳು ಅದರ ಜೊತೆಗೇ ಬೀಳುತ್ತಿದ್ದವು.

ಹದಿನಾರು ದಿನ ಇರುವಾಗ ಅವಳು ಸ್ಪಷ್ಟ ಸರ್ ಅವರ ಕೋಣೆಗೆ ಹೋದಳು. ನಿವೃತ್ತಿಗೆ ಒಂದು ವರ್ಷವಿದ್ದ ಅವರು ಕಬ್ಬಿಣದ ಬೀರುವಿನ ಮುಂದೆ ನಿಂತು, ತಮ್ಮದೇ ಲೇಖನಗಳ ಪ್ರತಿಗಳನ್ನು ವರ್ಷವಾರು ಜೋಡಿಸುತ್ತಿದ್ದರು.

"ಸರ್, ಈ ಒಂಬತ್ತನೇ ಸಾಲು ಹೇಗೆ ಬಂತು?"

ಅವರು ಕನ್ನಡಕದ ಮೇಲಿನಿಂದ ಪುಟವನ್ನು ನೋಡಿದರು. ನೋಡಿದ್ದು ಒಂದೇ ಕ್ಷಣ.

"ಅದು ಸ್ಪಷ್ಟವಾಗೇ ಇದೆಯಲ್ಲಮ್ಮಾ."

"ನನಗೆ ಗೊತ್ತಾಗ್ತಿಲ್ಲ ಸರ್."

"ಇನ್ನೊಂದ್ಸಲ ಓದು. ಸಮಾಧಾನವಾಗಿ ಓದು. ಈ ವಯಸ್ಸಲ್ಲಿ ನಿಮಗೆಲ್ಲ ಅವಸರ ಜಾಸ್ತಿ."

ಅವಳು ಹೊರಗೆ ಬಂದಳು. ಆರು ವರ್ಷದಲ್ಲಿ ಅವರಿಂದ ಪಡೆದ ಮಾರ್ಗದರ್ಶನವನ್ನೆಲ್ಲ ಕೂಡಿಸಿದರೆ ಇಷ್ಟೇ ಆಗುತ್ತಿತ್ತು, ಆದ್ದರಿಂದ ಆಶ್ಚರ್ಯವೇನೂ ಆಗಲಿಲ್ಲ.

ಅಂತರ್ಜಾಲದಲ್ಲಿ ಪಂಡಿತರ ಒಂದು ಕಟ್ಟೆ ಇದೆ. ಅಲ್ಲಿ ಲೋಕದ ಗಣಿತಜ್ಞರೆಲ್ಲ ಬಂದು ಕೂರುತ್ತಾರೆ. ಯಾರಾದರೂ ಪ್ರಶ್ನೆ ಕೇಳಿದರೆ ಉತ್ತರಿಸುತ್ತಾರೆ, ಮನಸ್ಸಿಗೆ ಬಂದರೆ. ಬರದಿದ್ದರೆ ಪ್ರಶ್ನೆಯನ್ನು ಮುಚ್ಚುತ್ತಾರೆ. ಮೆಚ್ಚಿದ ಪ್ರಶ್ನೆಗೆ ಪ್ಲಸ್, ಮೆಚ್ಚದ್ದಕ್ಕೆ ಮೈನಸ್. ಪ್ಲಸ್ ಬಿದ್ದರೆ ಕೇಳಿದವರಿಗೆ ಅಂಕ. ಹದಿನೈದು ಅಂಕ ಇದ್ದರೆ ಇನ್ನೊಬ್ಬರ ಪ್ರಶ್ನೆಗೆ ಪ್ಲಸ್ ಹಾಕಬಹುದು, ಐವತ್ತಿದ್ದರೆ ಅದರ ಕೆಳಗೆ ಟಿಪ್ಪಣಿ ಬರೆಯಬಹುದು. ಅಂಕವೇ ಇಲ್ಲದವರೂ ಉತ್ತರ ಬರೆಯಬಹುದು. ಏನೂ ಗೊತ್ತಿಲ್ಲದವನು ಉತ್ತರ ಕೊಡಬಹುದು, ಆದರೆ ಸುಮ್ಮನೆ ಎರಡು ಮಾತಾಡುವ ಹಾಗಿಲ್ಲ. ಲೋಕದ ರೂಢಿಯೂ ಹೆಚ್ಚುಕಡಿಮೆ ಇದೇ.

ಒಳಗೆ ಕಾಲಿಡುವ ಮೊದಲು ಓದಲೇಬೇಕಾದ ನಿಯಮಾವಳಿಯೊಂದಿದೆ. ಪ್ರಶ್ನೆ ಎಲ್ಲಿಂದ ಬಂತು ಹೇಳಿ. ನೀವೇನು ಪ್ರಯತ್ನ ಮಾಡಿದಿರಿ ಹೇಳಿ. ಎಲ್ಲಿ ಸಿಕ್ಕಿಬಿದ್ದಿರಿ ಹೇಳಿ. ನಿಮಗೆ ನಿಜವಾಗಿ ಬೇಕಾದದ್ದನ್ನೇ ಕೇಳಿ. ಅವಳು ಅದನ್ನು ಎರಡು ಸಲ ಓದಿ, ಒಪ್ಪಿದ್ದೇನೆ ಎಂಬ ಗುಂಡಿಯನ್ನು ಒತ್ತಿ, ನಾಲ್ಕನ್ನೂ ಮುರಿಯಲು ಕುಳಿತಳು.

ಮುರಿಯದೆ ಏನು ಮಾಡುತ್ತಾಳೆ ಪಾಪ? ಎಲ್ಲಿಂದ ಬಂತು ಎಂದರೆ ಸರ್ ಅವರ ಲೇಖನದ ಹೆಸರು ಹೇಳಬೇಕು. ಹೇಳಿದರೆ, ಇನ್ನೂರು ಜನ ನಂಬಿದ ಲೇಖನದಲ್ಲಿ ತೂತಿದೆ ಎಂದು ಊರೆಲ್ಲ ಡಂಗುರ ಸಾರಿದಂತೆ. ಪ್ರಬಂಧದ ಮೊದಲ ಪುಟಕ್ಕೆ ಸಹಿ ಹಾಕಬೇಕಾದವರು ಅದೇ ಸರ್. ಬಿಸಿ ತುಪ್ಪ ಬಾಯಿಗೆ ಬಿದ್ದಿತ್ತು, ಉಗುಳುವಂತಿಲ್ಲ, ನುಂಗುವಂತಿಲ್ಲ. ಅವಳು ಮೂರನೆಯ ದಾರಿ ಹಿಡಿದಳು. ಪ್ರಶ್ನೆಗೆ ವೇಷ ಹಾಕಿದಳು.

ಮೊದಲ ವೇಷ ಮುಗ್ಧತೆಯದ್ದು. ಬಲೆಯ ಮೇಲೆ ಮಣಿಗಳಿವೆ, ಹೀಗೆ ಸರಿಸಿದರೆ ಕೊನೆ ಒಂದೇ ಎಂದು ತೋರಿಸಿ. ಅಷ್ಟೇ. ಐದು ನಿಮಿಷದಲ್ಲಿ ಪ್ರಶ್ನೆ ಮುಚ್ಚಿತ್ತು. ಕೆಳಗೆ, ಹೆಸರಿನ ಬದಲು ಹಲ್ಲಿಯ ಚಿತ್ರ ಹಾಕಿಕೊಂಡಿದ್ದ ಒಬ್ಬ ಪಂಡಿತರ ಟಿಪ್ಪಣಿ: "ದಯವಿಟ್ಟು ಹೋಂವರ್ಕ್ ಇಲ್ಲಿ ಕೇಳಬೇಡಿ. ನಿಮ್ಮ ಪ್ರಯತ್ನವೇನು?" ಆರು ವರ್ಷದ ಪ್ರಯತ್ನವನ್ನು ಯಾವ ಸಾಲಿನಲ್ಲಿ ಬರೆಯುವುದೆಂದು ಅವಳಿಗೆ ತಿಳಿಯಲಿಲ್ಲ.

ಎರಡನೆಯ ವೇಷ ರಾಜಗಾಂಭೀರ್ಯದ್ದು. ಹೋಂವರ್ಕ್ ಅನ್ನುತ್ತೀರಾ, ನೋಡಿ ಹಾಗಾದರೆ ಎಂದು, ಸರ್ ಅವರ ಬಲೆಗಳ ಗುರುತು ಸಿಗದ ಹಾಗೆ, ಬಿಂದುಗಳು ಎಷ್ಟಾದರೂ ಇರಲಿ, ಅನಂತವಾಗಿದ್ದರೂ ಇರಲಿ, ಮಣಿಗಳ ಬದಲು ಏನೇ ಇರಲಿ ಎಂದು ಪ್ರಶ್ನೆಯನ್ನು ಉಬ್ಬಿಸಿ ಬರೆದಳು. ಈ ಸಲ ಮುಚ್ಚಲಿಲ್ಲ. ನಾಲ್ಕು ನಿಮಿಷದಲ್ಲಿ ಹಲ್ಲಿಯವರ ಉತ್ತರ ಬಂತು: "ಇದು ಸುಳ್ಳು. ಅನಂತ ಬಲೆಯಲ್ಲಿ ಒಂದೊಂದು ಸಾಲಿನಿಂದ ಒಂದೊಂದು ಕಡೆಗೆ ಸರಿಸಿ ನೋಡಿ." ಜೊತೆಗೆ ಒಂದು ಚಿತ್ರವನ್ನೂ ಬಿಡಿಸಿದ್ದರು. ಚಿತ್ರ ಚೆನ್ನಾಗಿತ್ತು.

ಸುಳ್ಳು. ಅವಳು ಲ್ಯಾಪ್‌ಟಾಪ್ ಮುಚ್ಚಿ ಕುಳಿತಳು. ಎರಡು ದಿನ ಕಾಲೇಜಿಗೆ ಜ್ವರವೆಂದು ಹೇಳಿ ಕಳಿಸಿದಳು. ಆರು ವರ್ಷ ನೀರಿನಲ್ಲಿ ಹೋಮ ಮಾಡಿದಂತಾಯಿತು ಎಂದು ಅವಳಿಗೆ ಅಳು ಬರುತ್ತಿತ್ತು, ಗಂಡನಿಗೆ ಹೇಳಲು ನಾಚಿಕೆಯಾಗುತ್ತಿತ್ತು.

ಗಂಡ ವಾಷಿಂಗ್ ಮೆಷಿನ್ ರಿಪೇರಿ ಮಾಡುವವನು. ಮನೆಯ ಮುಂದಿನ ಕೋಣೆಯೇ ಅವನ ಅಂಗಡಿ. ಎರಡನೆಯ ದಿನ ಮಧ್ಯಾಹ್ನ ಅವಳು ನೀರು ಕೊಡಲು ಹೋದಾಗ, ಮೆಷಿನ್ ಒಂದನ್ನು ಅಡ್ಡ ಮಲಗಿಸಿ, ಬೆಳಗಿನಿಂದ ಬಿಚ್ಚಿದ ಸ್ಕ್ರೂಗಳನ್ನೆಲ್ಲ ತಟ್ಟೆಗೆ ಹಾಕಿ, ಕೈಯಲ್ಲೊಂದು ಕಾಲುಚೀಲ ಹಿಡಿದು ಕುಳಿತಿದ್ದ. ಮಗುವಿನ ಕಾಲುಚೀಲ.

"ಎಲ್ಲಿತ್ತು ಅಂತೀಯ? ಪಂಪಲ್ಲಿ. ಆ ಯಮ್ಮನ್ನ ಮೂರು ಸಲ ಕೇಳಿದೆ, ಒಳಗೆ ಏನಾದ್ರೂ ಬಿತ್ತಾ ಅಂತ. 'ಏನೂ ಇಲ್ಲ, ತಾನಾಗೇ ನಿಂತೋಯ್ತು' ಅಂದ್ರು. ನಾನು ಮೋಟರ್ ಬಿಚ್ಚಿದೆ, ಬೆಲ್ಟ್ ಬಿಚ್ಚಿದೆ, ಬೋರ್ಡ್ ಬಿಚ್ಚಿದೆ."

"ಅವರಿಗೆ ಗೊತ್ತಿರಲಿಲ್ಲವೇನೋ."

"ಗೊತ್ತಿತ್ತು. ಇನ್ನೊಂದು ಕಾಲುಚೀಲ ಅವರ ಕೈಲೇ ಇತ್ತು. ಬೈತೀನಿ ಅಂತ ಭಯ. ಮಜ್ಜಿಗೆ ಕೇಳೋಕೆ ಬಂದು ಗಡಿಗೆ ಬಚ್ಚಿಟ್ಕೊಂಡ್ರೆ ಯಾರು ಹಾಕ್ತಾರೆ ಹೇಳು."

ಅವಳಿಗೆ ನಗು ಬರಲಿಲ್ಲ. ಬದಲಿಗೆ ಸಿಟ್ಟು ಬಂತು, ಯಾರ ಮೇಲೆಂದು ಗೊತ್ತಾಗದೆ ಗಂಡನ ಮೇಲೆಯೇ ಬಂತು. ಆದರೆ ಅಡುಗೆಮನೆಗೆ ವಾಪಸ್ ಬಂದು ಲೋಟ ತೊಳೆಯುವಾಗ ಒಂದು ಮಾತು ಹೊಳೆಯಿತು. ಹಲ್ಲಿಯವರ ಚಿತ್ರ ಅನಂತ ಬಲೆಯದ್ದು. ಸರ್ ಅವರ ಬಲೆಗಳೆಲ್ಲ ಪುಟ್ಟವು, ಲೆಕ್ಕಕ್ಕೆ ಸಿಗುವಂಥವು. ಅನಂತವನ್ನು ತಂದವಳು ಇವಳು, ಗುರುತು ಮರೆಸುವುದಕ್ಕೆ. ಸತ್ತದ್ದು ಅವಳು ಹಾಕಿದ ವೇಷ. ಒಳಗಿದ್ದ ಪ್ರಶ್ನೆಯನ್ನು ಯಾರೂ ಮುಟ್ಟಿಯೇ ಇರಲಿಲ್ಲ. ಎರಡು ದಿನ ಅವಳು ತಾನೇ ಹೆಣೆದ ವೇಷದ ಹೆಣದ ಮುಂದೆ ಕುಳಿತು ಅತ್ತಿದ್ದಳು.

ಮೂರನೆಯ ಸಲ ವೇಷ ಕಡಿಮೆ ಮಾಡಿದಳು. ಬಿಂದುಗಳು ಲೆಕ್ಕಕ್ಕೆ ಸಿಗುವಷ್ಟೇ, ಮಣಿಗಳು ಮಣಿಗಳೇ, ನಿಯಮ ಸರ್ ಅವರದ್ದೇ. ಲೇಖನದ ಹೆಸರನ್ನು ಮಾತ್ರ ಹೇಳಲಿಲ್ಲ. ಒಂದು ಗಂಟೆಯಾದ ಮೇಲೆ ಈ ಪ್ರಶ್ನೆಯನ್ನೂ ಮುಚ್ಚಿದರು. ಕಾರಣ: "ಇದನ್ನು ಈಗಾಗಲೇ ಕೇಳಲಾಗಿದೆ." ಕೆಳಗೆ ಹನ್ನೊಂದು ವರ್ಷದ ಹಿಂದಿನ ಒಂದು ಪ್ರಶ್ನೆಯ ಕೊಂಡಿ. ಆಸೆಯಿಂದ ಒತ್ತಿದಳು. ಆ ಪ್ರಶ್ನೆಯನ್ನೂ ಮುಚ್ಚಿದ್ದರು, ಉತ್ತರವಿಲ್ಲದೆ. ಮುಚ್ಚಿದ ಬಾಗಿಲಿಗೆ ದಾರಿ ತೋರಿಸಲು ಇನ್ನೊಂದು ಬಾಗಿಲು ಮುಚ್ಚುವುದು ಪಂಡಿತರಿಗೆ ಮಾತ್ರ ಹೊಳೆಯುವ ಉಪಾಯ.

ಕೇಳಿದವರ ಹೆಸರು 'ಸತ್ಯಾನ್ವೇಷಿ ೭'. ಹಿಂದಿನ ಆರು ಸತ್ಯಾನ್ವೇಷಿಗಳು ಏನಾದರೋ ತಿಳಿಯದು. ಪ್ರಶ್ನೆಗೆ ಮೈನಸ್ ಆರು. ಅವಳು ಓದಿದಳು. ಅದೇ ಬಲೆ, ಅದೇ ಮಣಿ. "ಸ್ಪಷ್ಟವಾಗಿ ಇದು ನಿಜ, ಆದರೂ ಚಿಕ್ಕ ಸಾಧನೆಯೊಂದಿದ್ದರೆ ತಿಳಿಸುವುದು" ಎಂಬ ಒಕ್ಕಣೆ. ಕೆಳಗೆ ಹಲ್ಲಿಯವರು, ಆಗಲೂ ಅವರೇ, ಇದು ಎಲ್ಲಿಂದ ಬಂತು ಎಂದು ಕೇಳಿದ್ದರು. ಸತ್ಯಾನ್ವೇಷಿಯ ಉತ್ತರ: "ನನ್ನ ಸ್ನೇಹಿತರೊಬ್ಬರು ಕೇಳಿದರು." ಅದಕ್ಕೆ ಹಲ್ಲಿಯವರು: "ಹೋಂವರ್ಕ್ ಇಲ್ಲಿ ಕೇಳಬೇಡಿ."

ಮಣಿಗಳ ಸಂಖ್ಯೆಗೆ ಬಳಸಿದ ಅಕ್ಷರದ ತಲೆಯ ಮೇಲೆ ಗಣಿತದವರು ಟೋಪಿ ಎನ್ನುವ ಗುರುತುಗಳು ಎರಡಿದ್ದವು, ಒಂದರ ಮೇಲೊಂದು. ಲೋಕದ ಉಳಿದ ಗಣಿತಜ್ಞರಿಗೆಲ್ಲ ಒಂದೇ ಟೋಪಿ ಸಾಕು. ಎರಡು ಟೋಪಿ ಇಡುವವರನ್ನು ಅವಳು ಒಬ್ಬರನ್ನೇ ಬಲ್ಲಳು. ಆರು ವರ್ಷದಿಂದ ಅವರ ಎರಡು ಟೋಪಿಗಳನ್ನು ಟೈಪ್ ಮಾಡಿ ಮಾಡಿ ಅವಳ ಬೆರಳು ಸವೆದಿತ್ತು. ತಾರೀಕು ನೋಡಿದಳು. ಲೇಖನ ಅಚ್ಚಾಗಿ ಎರಡು ತಿಂಗಳ ನಂತರದ್ದು.

ಅಂದರೆ ಅವರಿಗೆ ಗೊತ್ತಿತ್ತು. ಅವಳು ಅವರ ಕೋಣೆಗೆ ಮೊದಲ ದಿನ ಬರುವುದಕ್ಕಿಂತ ಐದು ವರ್ಷ ಮೊದಲೇ ಗೊತ್ತಿತ್ತು. ಗೊತ್ತಿದ್ದೂ ಅದೇ ಹಲಗೆಯ ಮೇಲೆ ಅವಳಿಗೆ ಮೂರು ಅಂತಸ್ತಿನ ಮನೆ ಕಟ್ಟಲು ಹೇಳಿದ್ದರು. ಅವಳಿಗೆ ಮೈ ಉರಿಯಿತು.

ಹನ್ನೊಂದು ದಿನ ಇರುವಾಗ ಅವಳು ಆ ಪ್ರಶ್ನೆಯನ್ನು ಮುದ್ರಿಸಿಕೊಂಡು ಹೋಗಿ ಸರ್ ಅವರ ಮೇಜಿನ ಮೇಲಿಟ್ಟಳು. ಅವರು ಓದಲಿಲ್ಲ, ಕಾಗದದ ಮೇಲ್ತುದಿ ನೋಡಿದಾಗಲೇ ಅವರಿಗೆ ತಿಳಿದಿತ್ತು.

"ಇದೆಲ್ಲಿ ಸಿಕ್ತು ನಿನಗೆ?"

"ನನ್ನ ಪ್ರಶ್ನೆಯನ್ನ ಇದರ ನಕಲು ಅಂತ ಮುಚ್ಚಿದ್ರು ಸರ್."

"ಹಾಗಾದ್ರೆ ನಮ್ಮ ಹಾಗೇ ಯೋಚನೆ ಮಾಡೋರು ಇನ್ನೂ ಯಾರೋ ಇದ್ದಾರೆ ಅಂತಾಯ್ತು."

"ಎರಡು ಟೋಪಿ ಇಡೋರು ನೀವೊಬ್ರೇ ಸರ್."

ಅವರು ಕನ್ನಡಕ ತೆಗೆದು ಒರೆಸಿದರು. ಗಾಜು ಮೊದಲೇ ಚೊಕ್ಕಟವಾಗಿತ್ತು. ಆಮೇಲೆ ಮಾತಾಡಿದಾಗ ಅವರು ಆ ಸಾಲಿನ ಬಗ್ಗೆ ಹೇಳಲಿಲ್ಲ, ಅವಳ ಆರು ವರ್ಷದ ಬಗ್ಗೆಯೂ ಹೇಳಲಿಲ್ಲ.

"ಆರು ಮೈನಸ್ ಹಾಕಿದ್ರು," ಅಂದರು. "ಆಗ ನಾನು ವಿಭಾಗದ ಮುಖ್ಯಸ್ಥ. ಹೋಂವರ್ಕ್ ಇಲ್ಲಿ ಕೇಳಬೇಡಿ ಅಂತ ಬರೆದ ಒಬ್ಬ. ಅವನ ಮುಖದ ಜಾಗದಲ್ಲಿ ಒಂದು ಹಲ್ಲಿ."

"ಆಮೇಲೆ ಬೇರೆ ಯಾರನ್ನೂ ಕೇಳಲಿಲ್ವಾ ಸರ್?"

"ಯಾರನ್ನ ಕೇಳಲಮ್ಮಾ? ಎಲ್ಲರೂ ನನ್ನನ್ನ ಕೇಳೋಕೆ ಬರ್ತಿದ್ರು."

ಅವಳಿಗೆ ಒಂದು ಕ್ಷಣ ಪಾಪ ಅನ್ನಿಸಿತು. ಅನ್ನಿಸಿದ್ದಕ್ಕೆ ತನ್ನ ಮೇಲೆಯೇ ಕೋಪ ಬಂತು.

"ಹನ್ನೊಂದು ವರ್ಷ ಸರ್. ಅದರಲ್ಲಿ ಆರು ನನ್ನವು. ನಾನು ಇವತ್ತು ಮತ್ತೆ ಕೇಳ್ತೀನಿ. ಲೇಖನದ ಹೆಸರು, ಪುಟ, ಸಾಲು ಎಲ್ಲ ಹಾಕಿ ಕೇಳ್ತೀನಿ. ಹಾಕದೆ ಕೇಳಿದ್ರೆ ಏನಾಗುತ್ತೆ ಅಂತ ಇಬ್ರಿಗೂ ಗೊತ್ತಾಗಿದೆ."

"ನಿನಗೆ ನನ್ನ ಸಹಿ ಬೇಕು. ನೆನಪಿದೆಯಾ?"

"ಬೇಕು ಸರ್. ಆ ಸಾಲಿಗೆ ಸಾಧನೆನೂ ಬೇಕು."

ಅವರು ಎದ್ದು ಹೋಗಿ, ತಣ್ಣಗಿದ್ದ ಕೋಣೆಯಲ್ಲಿ ಫ್ಯಾನ್ ಹಾಕಿದರು. ಮುದ್ರಿಸಿದ ಕಾಗದ ಮೇಜಿನಿಂದ ಹಾರಿ ಬಿತ್ತು. ಇಬ್ಬರೂ ಅದನ್ನು ಎತ್ತಿಕೊಳ್ಳಲಿಲ್ಲ.

ಆ ಮಧ್ಯಾಹ್ನ ಅವಳು ಗಂಡನ ಅಂಗಡಿಯ ಮೂಲೆಯಲ್ಲಿ, ಬಿಚ್ಚಿಟ್ಟ ಎರಡು ಮೆಷಿನ್‌ಗಳ ನಡುವೆ ಕುಳಿತು ನಾಲ್ಕನೆಯ ಸಲ ಪ್ರಶ್ನೆ ಬರೆದಳು. ಒಂದೂವರೆ ಪುಟಕ್ಕೆ ನಾಲ್ಕು ಗಂಟೆ ಹಿಡಿಯಿತು. ಲೇಖನ ಯಾವುದು, ಬರೆದವರು ಯಾರು, ಅವರು ತನಗೇನಾಗಬೇಕು, ಎಲ್ಲ ಬರೆದಳು. ನಾಲ್ಕು ಬಿಂದುಗಳವರೆಗಿನ ಬಲೆಗಳನ್ನೆಲ್ಲ ಕೈಯಲ್ಲೇ ಬಿಡಿಸಿ ನೋಡಿದ್ದೇನೆ, ಎಲ್ಲ ಕಡೆಯೂ ಕೊನೆ ಒಂದೇ ಬಂತು. ಎರಡು ಬಿಂದುಗಳು ಒಂದೇ ಮಣಿಗೆ ಕೈಹಾಕಿದಾಗ ಮಾತ್ರ ನನ್ನ ವಾದ ಕುಸಿಯುತ್ತದೆ, ಕುಸಿಯುವ ಜಾಗ ಇದು. ಕೊನೆಯಲ್ಲಿ: "ಇದು ಸ್ಪಷ್ಟವೆಂದು ಲೇಖನ ಹೇಳುತ್ತದೆ. ನನಗೆ ಸ್ಪಷ್ಟವಾಗಿಲ್ಲ." ಆ ಎರಡು ವಾಕ್ಯಗಳನ್ನು ಒಮ್ಮೆ ಅಳಿಸಿ ಮತ್ತೆ ಬರೆದಳು. ಸಹಿ, ಕೆಲಸ, ಒಂಬತ್ತು ವರ್ಷದ ತಾತ್ಕಾಲಿಕ ಮರ್ಯಾದೆ, ಎಲ್ಲ ಅದರಲ್ಲಿತ್ತು. ಗುಂಡಿ ಒತ್ತಿದಳು.

ಇಪ್ಪತ್ತು ನಿಮಿಷ ಏನೂ ಇಲ್ಲ. ಆಮೇಲೆ ಒಂದು ಪ್ಲಸ್. ಮೂರು. ಎಂಟು. ಹಲ್ಲಿಯವರು ಟಿಪ್ಪಣಿ ಬರೆದರು: "ಒಳ್ಳೆಯ ಪ್ರಶ್ನೆ." ಹಲ್ಲಿ ಲೊಚಗುಟ್ಟಿದರೆ ಶುಭವೋ ಅಶುಭವೋ ಎಂದು ಗಂಡನನ್ನು ಕೇಳಿದಳು. ಎಲ್ಲಿ ಲೊಚಗುಟ್ಟಿತು ಎಂದು ಅವನು ಗೋಡೆ ನೋಡಿದ.

ಸಂಜೆ ಐದೂ ಹತ್ತಕ್ಕೆ ಮೊದಲ ಉತ್ತರ ಬಂತು. ಬರೆದವರ ಹೆಸರಿನ ಜಾಗದಲ್ಲಿ ನಿಜವಾದ ಹೆಸರು, ಪದವಿಗಳು, ವಿಭಾಗ, ಎಲ್ಲ ಇತ್ತು. ಅಂಕ ಮಾತ್ರ ಸೊನ್ನೆ.

"ಈ ಲೇಖನವನ್ನು ಬರೆದವನು ನಾನು. ಇನ್ನೂರ ಹದಿನೇಳನೆಯ ಪುಟದ ಒಂಬತ್ತನೆಯ ಸಾಲಿಗೆ ಸಾಧನೆ ನನಗೆ ಆಗಲೂ ತಿಳಿದಿರಲಿಲ್ಲ, ಈಗಲೂ ತಿಳಿದಿಲ್ಲ. ಈ ವಿದ್ಯಾರ್ಥಿನಿ ಕೇಳಿದಾಗ ಸ್ಪಷ್ಟವಾಗಿದೆ ಎಂದೆ. ಹಾಗೆ ಹೇಳಬಾರದಿತ್ತು. ತಿಳಿದವರು ದಯವಿಟ್ಟು ಅವಳಿಗೆ ಸಹಾಯ ಮಾಡಿ."

ಅವಳು ಅದನ್ನು ಓದಿದಳು, ಮತ್ತೆ ಓದಿದಳು, ಮೂರನೆಯ ಸಲ ಓದಲು ಹೋದಾಗ ಅದು ಅಲ್ಲಿರಲಿಲ್ಲ. ಅದರ ಜಾಗದಲ್ಲಿ ಬೂದುಬಣ್ಣದ ಪಟ್ಟಿಯೊಂದಿತ್ತು: "ಇದು ಪ್ರಶ್ನೆಗೆ ಉತ್ತರವಲ್ಲವಾದ್ದರಿಂದ ತೆಗೆದುಹಾಕಲಾಗಿದೆ. ಟಿಪ್ಪಣಿ ಬರೆಯಲು ಐವತ್ತು ಅಂಕ ಬೇಕು." ಒಬ್ಬ ಮನುಷ್ಯ ಹನ್ನೊಂದು ವರ್ಷ ನುಂಗಿಕೊಂಡದ್ದನ್ನು ಬಾಯಿಬಿಟ್ಟು ಹೇಳಿದ್ದ. ಕಟ್ಟೆ ಅದನ್ನು ಆರು ನಿಮಿಷ ಸಹಿಸಿಕೊಂಡಿತು. ನಿಯಮದ ಪ್ರಕಾರ ಕಟ್ಟೆಯವರು ಮಾಡಿದ್ದು ಸರಿ, ಅದೇ ಬೇಸರ.

ಹಲ್ಲಿಯವರ ಉತ್ತರ ಮರುದಿನ ಬೆಳಿಗ್ಗೆ ಬಂತು. ಸಾಲು ಸುಳ್ಳು. ಐದು ಬಿಂದುಗಳನ್ನು ಉಂಗುರದ ಹಾಗೆ ಕೂಡಿಸಿದರೆ ಎರಡು ಬೇರೆ ಬೇರೆ ಕೊನೆಗಳು ಬರುತ್ತವೆ. ಅವಳು ಕೈಯಲ್ಲಿ ನೋಡಿದ್ದು ನಾಲ್ಕರವರೆಗೆ, ಸತ್ಯ ಐದರಲ್ಲಿ ಅಡಗಿ ಕುಳಿತಿತ್ತು. ಆದರೆ ಬಲೆಯಲ್ಲಿ ಉಂಗುರವೇ ಇಲ್ಲದಿದ್ದರೆ ಸಾಲು ನಿಜ, ಕೇಳಿದವರು ಕುಸಿಯುತ್ತದೆ ಎಂದು ತೋರಿಸಿದ ಜಾಗ ಆಗ ಕುಸಿಯುವುದಿಲ್ಲ. ಸಾಧನೆ ಹನ್ನೆರಡು ಸಾಲು.

ಅವಳ ಮೂರನೆಯ ಮತ್ತು ಐದನೆಯ ಅಧ್ಯಾಯಗಳ ಬಲೆಗಳಲ್ಲಿ ಉಂಗುರ ಇರಲಿಲ್ಲ. ನಾಲ್ಕನೆಯ ಅಧ್ಯಾಯದಲ್ಲಿ ಉಂಗುರ ಬಿಟ್ಟು ಬೇರೇನೂ ಇರಲಿಲ್ಲ. ಎರಡು ವರ್ಷದ ಕೆಲಸ, ಐವತ್ತೆರಡು ಪುಟ. ಅವಳು ಆ ಐವತ್ತೆರಡನ್ನೂ ಕಟ್ಟಿನಿಂದ ತೆಗೆದು ಪಕ್ಕಕ್ಕಿಟ್ಟು ಚೆನ್ನಾಗಿ ಅತ್ತಳು. ಈ ಸಲ ಅತ್ತದ್ದು ನಿಜವಾಗಿ ಸತ್ತದ್ದಕ್ಕೆ. ಆಮೇಲೆ ಉಳಿದ ಪುಟಗಳಿಗೆ ಹೊಸದಾಗಿ ಸಂಖ್ಯೆ ಹಾಕಿದಳು.

ಎರಡು ದಿನ ಇರುವಾಗ ಪ್ರಬಂಧ ಹಿಡಿದು ಸರ್ ಅವರ ಕೋಣೆಗೆ ಹೋದಳು. ಫ್ಯಾನ್ ನಿಂತಿತ್ತು. ಅವರು ಮೊದಲ ಪುಟಕ್ಕೆ ಸಹಿ ಹಾಕಲು ಪೆನ್ನು ತೆಗೆದರು, ಹಾಕಲಿಲ್ಲ, ಮೂರನೆಯ ಅಧ್ಯಾಯ ತೆರೆದು ಹನ್ನೆರಡು ಸಾಲುಗಳನ್ನು ಬೆರಳಿಟ್ಟು ಓದಿದರು. ಏಳನೆಯ ಸಾಲಿನಲ್ಲಿ ಬೆರಳು ನಿಂತಿತು.

"ಇದು ಹೇಗೆ ಬಂತು?" ಅಂದರು.

ಆರು ವರ್ಷದಲ್ಲಿ ಅವರು ಅವಳನ್ನು ಕೇಳಿದ ಮೊದಲ ಪ್ರಶ್ನೆ ಅದು. ಅವಳು ಕುರ್ಚಿ ಎಳೆದುಕೊಂಡು ಕುಳಿತು, ಕಾಗದದ ಮೇಲೆ ಬಲೆ ಬರೆದು ವಿವರಿಸಿದಳು. ಅವರು ಎರಡು ಸಲ ಹೇಳಿಸಿಕೊಂಡರು. ಆಮೇಲೆ ಸಹಿ ಹಾಕಿದರು.

"ನಾನು ಬರೆದದ್ದನ್ನ ತೆಗೆದುಬಿಟ್ರಲ್ಲ?"

"ಅದು ಉತ್ತರ ಅಲ್ಲ ಅಂತ ಸರ್."

"ಹೌದು. ಅಲ್ಲ." ಪೆನ್ನಿನ ಮುಚ್ಚಳ ಹಾಕಿದರು. "ನಿನ್ನ ಪ್ರಶ್ನೆಗೆ ಎಷ್ಟು ಬಂತು?"

"ನಲವತ್ತೊಂದು ಸರ್."

"ನಲವತ್ತೊಂದು," ಎಂದು ಅವರು ಕಿಟಕಿಯ ಕಡೆ ನೋಡಿದರು. ಅವಳು ಬಾಗಿಲ ಹತ್ತಿರ ಹೋದಾಗ, ಬೀರುವಿನ ಕಡೆ ತಿರುಗಿಕೊಂಡೇ ಕೇಳಿದರು: "ಆ ಹಳೇದು ಇನ್ನೂ ಆರರಲ್ಲೇ ಇದೆಯಾ?"

ಅವಳು ಕಾರಿಡಾರಿನಲ್ಲಿ ನಿಂತು, ಪ್ರಬಂಧವನ್ನು ಕಂಕುಳಲ್ಲಿ ಅವುಚಿಕೊಂಡು, ಮೊಬೈಲ್ ತೆಗೆದಳು. ಸತ್ಯಾನ್ವೇಷಿ ೭ ಅವರ ಪ್ರಶ್ನೆಯನ್ನು ಇನ್ನೊಮ್ಮೆ ಓದಿದಳು. ಎಲ್ಲಿಂದ ಬಂತು ಎಂದು ಹೇಳಿರಲಿಲ್ಲ, ಏನು ಪ್ರಯತ್ನ ಮಾಡಿದರು ಎಂದು ಹೇಳಿರಲಿಲ್ಲ, ಇಲ್ಲದ ಸ್ನೇಹಿತನೊಬ್ಬನನ್ನು ಮುಂದೆ ನಿಲ್ಲಿಸಿದ್ದರು. ಯಾವ ನಿಯಮದ ಪ್ರಕಾರವೂ ಅದು ಒಳ್ಳೆಯ ಪ್ರಶ್ನೆಯಲ್ಲ. ಪ್ಲಸ್ ಹಾಕುವಷ್ಟು ಅಂಕ ಅವಳಿಗೆ ಈಗ ಬೇಕಾದಷ್ಟಿತ್ತು, ಇನ್ನೂ ಒಂದು ಪ್ಲಸ್ಸನ್ನೂ ಯಾರಿಗೂ ಹಾಕಿರಲಿಲ್ಲ.

ಮೈನಸ್ ಆರು ಇದ್ದದ್ದು ಮೈನಸ್ ಐದು ಆಯಿತು. ಅವಳು ಪ್ರಬಂಧ ಒಪ್ಪಿಸಲು ಕಚೇರಿಯ ಕಡೆ ನಡೆದಳು.